ಹತ್ತು ನಿಮಿಷದ ಟೆಸ್ಟ್ ಡ್ರೈವ್, ಹದಿನೈದು ವರ್ಷದ ಕಾರು

ವೀಕ್ಷಕರೇ, ಒಂದು ಪ್ರಶ್ನೆ. ಮನೆಯಲ್ಲಿ ಮದುವೆ ಇದೆ ಅಂದ್ರೆ ಒಂದು ಸೀರೆ ಆರಿಸೋಕೆ ಅಂಗಡಿಯಲ್ಲಿ ಎಷ್ಟು ಹೊತ್ತು ಕೂರ್ತೀರಿ? ಅರ್ಧ ದಿನ. ಎರಡು ಕೆ.ಜಿ. ಮಾವಿನಹಣ್ಣು ತಗೊಳ್ಳೋವಾಗ? ಮೂಸಿ ನೋಡ್ತೀರಿ, ಒತ್ತಿ ನೋಡ್ತೀರಿ, ಒಂದು ಹೋಳು ಕತ್ತರಿಸಿಕೊಡು ಅಂತೀರಿ. ಸರಿ. ಹದಿನೈದು ಲಕ್ಷದ ಕಾರನ್ನು ಎಷ್ಟು ಹೊತ್ತು ಓಡಿಸಿ ನೋಡ್ತೀರಿ? ಹತ್ತು ನಿಮಿಷ! ಅದೂ ಶೋರೂಂನವರು ತೋರಿಸಿದ ರಸ್ತೆಯಲ್ಲಿ, ಅವರು ಹೇಳಿದ ಕಡೆ ಯೂ ಟರ್ನ್ ಹೊಡೆದು.

ನಾನೂ ಹೀಗೇ ಮಾಡ್ತಿದ್ದೆ. ಈ ಸಲ ಮಾಡಲಿಲ್ಲ. ಯಾಕೆ ಅಂತ ಹೇಳ್ತೀನಿ, ಕೇಳಿ.

ನನ್ನ ಹತ್ತಿರ ಒಂದು ಹಳೇ ಡೀಸೆಲ್ ಎಸ್ಟೇಟ್ ಕಾರಿದೆ. ಎಸ್ಟೇಟ್ ಅಂದ್ರೆ ಗೊತ್ತಲ್ಲ? ಸ್ಟೇಷನ್ ವ್ಯಾಗನ್ ಅಂತಲೂ ಕರೀತಾರೆ. ಮುಂದಿನಿಂದ ನೋಡಿದ್ರೆ ಮಾಮೂಲಿ ಕಾರು. ಹಿಂದೆ ಮಾತ್ರ ಚಾವಣಿ ಇಳಿಯದೆ ಕೊನೇವರೆಗೂ ನೇರ ಹೋಗುತ್ತೆ. ಡಿಕ್ಕಿ ಅನ್ನೋದು ಬೇರೆ ಪೆಟ್ಟಿಗೆ ಅಲ್ಲ, ಕಾರಿನ ಒಳಗಿನ ಕೋಣೆಯ ಮುಂದುವರಿದ ಭಾಗ. ಹಿಂದಿನ ಬಾಗಿಲು ಎತ್ತಿದರೆ ಸಾಮಾನು ನೇರ ಒಳಗೆ. 2012ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. 2025 ಬಂತು. ಆರ್‌ಸಿಯ ಹದಿನೈದು ವರ್ಷ ಮುಗಿಯುತ್ತಾ ಬಂತು. ಎಫ್‌ಸಿ ಮಾಡಿಸಿ ಇನ್ನೈದು ವರ್ಷಕ್ಕೆ ನವೀಕರಣ ಮಾಡಿಸಬೇಕು, ಇಲ್ಲವೇ ಬದಲಾಯಿಸಬೇಕು.

2012ರಲ್ಲಿ ಅದನ್ನು ಯಾಕೆ ಕೊಂಡೆ? ಎರಡು ಕಾರಣ. ಒಂದು, ಊರು. ನಮ್ಮದು ತಿಪಟೂರು ಕಡೆ. ಬೆಂಗಳೂರಿನಿಂದ ಹೆಚ್ಚುಕಡಿಮೆ 140 ಕಿಲೋಮೀಟರ್. ಅಪ್ಪ ಹೋದ ಮೇಲೆ ಅಮ್ಮ ತೋಟದ ಮನೆಯಲ್ಲಿ ಒಬ್ಬರೇ ಇದ್ದರು. ಪ್ರತಿ ಭಾನುವಾರ ಹೋಗಿ ಬರಬೇಕು. ಬರುವಾಗ ಒಂದು ಮೂಟೆ ತೆಂಗಿನಕಾಯಿ, ಬಾಳೆಗೊನೆ, ಅಮ್ಮ ಕಟ್ಟಿಕೊಟ್ಟ ಗಂಟು. ಅದಕ್ಕೆ ಈ ಡಿಕ್ಕಿ ಬೇಕಿತ್ತು.

ಎರಡನೇ ಕಾರಣ ಡೀಸೆಲ್. ಆ ಕಾಲ ನೆನಪು ಮಾಡಿಕೊಳ್ಳಿ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರಿ ಹಿಡಿತ 2010ರಲ್ಲೇ ಹೋಗಿತ್ತು. ಡೀಸೆಲ್ ಮೇಲೆ ಇನ್ನೂ ಇತ್ತು. 2012ರ ಮಧ್ಯದಲ್ಲಿ ಎರಡರ ನಡುವೆ ಲೀಟರಿಗೆ 30 ರೂಪಾಯಿಗೂ ಹೆಚ್ಚು ಅಂತರ! ದೇಶದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್. ಆಗ ನಾನೇ ಸ್ಟುಡಿಯೋದಲ್ಲಿ ಕೂತು, ಫೋನ್ ಮಾಡಿದ ವೀಕ್ಷಕರೊಬ್ಬರಿಗೆ, "ಕಣ್ಣು ಮುಚ್ಚಿಕೊಂಡು ಡೀಸೆಲ್ ತಗೊಳ್ಳಿ ಸ್ವಾಮಿ" ಅಂದಿದ್ದೆ. ಎಷ್ಟು ಓಡಿಸ್ತೀರಿ ಅಂತ ಕೂಡ ಕೇಳಿರಲಿಲ್ಲ. ಅದು ತಪ್ಪು. ಆ ತಪ್ಪಿನ ಲೆಕ್ಕ ಈಗ ನನ್ನ ಕಾರಿನಲ್ಲೇ ಸಿಕ್ಕಿದೆ.

ಮೊದಲು ಒಂದು ವಿಷಯ. ಇದೇ ಥರದ ಹೊಸ ಡೀಸೆಲ್ ಎಸ್ಟೇಟ್ ತಗೊಳ್ಳೋಣ ಅಂತ ಹೊರಟೆ. ನಮ್ಮ ನಿಮ್ಮ ಬಜೆಟ್ಟಿನಲ್ಲಿ ಅಂಥ ಕಾರೇ ಇಲ್ಲ! ಒಂದು ಕಾಲದಲ್ಲಿ ಇತ್ತು. 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಆಮೇಲೆ ಮಾರುತಿಯ ಬಲೆನೋ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, 2004ರಲ್ಲಿ ಟಾಟಾ ಇಂಡಿಗೋ ಮರೀನಾ. ಒಂದೊಂದಾಗಿ ಎಲ್ಲವೂ ಹೋದವು. ಯಾಕೆ? ಜನರಿಗೆ ಅದು ಆಂಬುಲೆನ್ಸ್ ಥರ ಕಾಣುತ್ತೆ ಅನ್ನೋದು ಒಂದು ಮಾತು. ಅದು ನಿಜವೂ ಹೌದು. ಆದರೆ ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಮಾತಾಡಲ್ಲ. ಅದು ತೆರಿಗೆ.

2006ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದರು. ಸಣ್ಣ ಕಾರು ಅಂದ್ರೆ ಯಾವುದು? ಉದ್ದ 4 ಮೀಟರ್ ಮೀರಬಾರದು. ಪೆಟ್ರೋಲ್ ಎಂಜಿನ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿರಬೇಕು. ಆಯ್ತಲ್ಲ? ಅವತ್ತಿನಿಂದ ಕಂಪನಿಗಳು ಟೇಪು ಹಿಡಿದು ಕಾರು ಮಾಡೋಕೆ ಶುರು ಮಾಡಿದವು. 2008ರಲ್ಲಿ ಇಂಡಿಗೋ ಸಿಎಸ್ ಬಂದದ್ದು ಹೀಗೇ. ಹಿಂದಿನ ಡಿಕ್ಕಿ ಗಿಡ್ಡ ಮಾಡಿ 4 ಮೀಟರ್ ಒಳಗೆ ಕೂರಿಸಿದ್ದು. ನೀವು ರಸ್ತೆಯಲ್ಲಿ ನೋಡುವ ಎಷ್ಟೋ ಗಿಡ್ಡ ಸೆಡಾನ್, ಗಿಡ್ಡ ಎಸ್‌ಯುವಿಗಳ ಹಿಂಭಾಗ ಯಾಕೆ ಕತ್ತರಿಸಿದ ಹಾಗಿದೆ ಅಂತ ಯೋಚಿಸಿದ್ದೀರಾ? ಅದನ್ನು ಕತ್ತರಿಸಿದ್ದು ತೆರಿಗೆಯ ಕತ್ತರಿ. ಉದ್ದವೇ ಜೀವಾಳವಾದ ಎಸ್ಟೇಟ್ ಕಾರು ಈ ನಿಯಮದಲ್ಲಿ ಬದುಕೋದು ಹೇಗೆ?

ಈಗ ಎಸ್ಟೇಟ್ ಬೇಕು ಅಂದ್ರೆ ಒಂದೋ ಅರ್ಧ ಕೋಟಿ ದಾಟಿದ ವಿದೇಶಿ ಕಾರು. ಇಲ್ಲವೇ ಏಳು ಸೀಟಿನ ಗಾಡಿ ತಗೊಂಡು ಮೂರನೇ ಸಾಲನ್ನು ಮಡಚಿ ಹಾಕೋದು. ಮಡಚಿದ ಮೇಲೆ ಅದೇ ಎಸ್ಟೇಟ್. ನಾನು ನೋಡೋಕೆ ಹೋದದ್ದು ಇಂಥದ್ದೇ ಒಂದು. ಬಿಎಸ್ 6 ಡೀಸೆಲ್, ಏಳು ಸೀಟು, ನಾಲ್ಕೂವರೆ ಮೀಟರ್ ಉದ್ದ.

ತುಮಕೂರು ರಸ್ತೆಯ ಒಂದು ಶೋರೂಂ. ಸೇಲ್ಸ್ ಹುಡುಗ ಚುರುಕು. ಗಾಡಿ ಮುಂದೆ ತಂದು ನಿಲ್ಲಿಸಿದ. ಎಸಿ ಆನ್, ಎಂಜಿನ್ ಆನ್. "ಬನ್ನಿ ಸಾರ್, ಒಂದು ರೌಂಡ್ ಹೋಗಿ ಬರೋಣ" ಅಂದ. ನಾನು, "ಇವತ್ತು ಬೇಡಪ್ಪಾ. ನಾಳೆ ಬೆಳಗ್ಗೆ ಬರ್ತೀನಿ. ನಾನು ಬರೋವರೆಗೂ ಈ ಗಾಡಿ ಸ್ಟಾರ್ಟ್ ಮಾಡಬೇಡ" ಅಂದೆ. ಅವನಿಗೆ ವಿಚಿತ್ರ ಅನ್ನಿಸಿರಬೇಕು.

ಯಾಕೆ ಹಾಗಂದೆ? ಡೀಸೆಲ್ ಎಂಜಿನ್ನಿನ ಬಂಡವಾಳ ಗೊತ್ತಾಗೋದು ಅದು ತಣ್ಣಗಿದ್ದಾಗ. ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತೆ. ಡೀಸೆಲ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿ ಒತ್ತಿ, ಅದು ಕಾದ ಕೆಂಡದಂತಾದಾಗ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತೆ. ಎಂಜಿನ್ ತಣ್ಣಗಿದ್ದರೆ ಅದಕ್ಕೆ ಕಷ್ಟ. ಹಳೇ ಮೆಟಡಾರ್ ಡ್ರೈವರ್‌ಗಳು ಬೆಳಗ್ಗೆ ಹೀಟರ್ ಹಾಕಿ ಕಾಯ್ತಿದ್ದರಲ್ಲ, ಅದೇ ಕಥೆ. ಹೊಸ ಗಾಡಿಯಲ್ಲಿ ಆ ಕಾಯುವಿಕೆ ಬಹುತೇಕ ಇಲ್ಲ. ಆದರೂ ಮೊದಲ ನಿಮಿಷದ ಸದ್ದು, ನಡುಕ, ಹೊಗೆ ಎಲ್ಲ ಗೊತ್ತಾಗೋದು ಆಗಲೇ. ಸೆಕೆಂಡ್ ಹ್ಯಾಂಡ್ ಡೀಸೆಲ್ ನೋಡೋರಂತೂ ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನಮಸ್ಕಾರ ಹೇಳಿ, ನಾಳೆ ಬರ್ತೀನಿ ಅನ್ನಿ.

ಮಾರನೇ ದಿನ ಬೆಳಗ್ಗೆ ಹೋದೆ. ಒಬ್ಬನೇ ಅಲ್ಲ. ಹೆಂಡತಿ, ಅಮ್ಮ, ಅಮ್ಮನ ವೀಲ್‌ಚೇರ್.

ಅಮ್ಮ ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯ್ತು. ಮನೆಯೊಳಗೆ ವಾಕರ್ ಹಿಡಿದು ನಡೀತಾರೆ. ಹೊರಗೆ ಹೋದರೆ ವೀಲ್‌ಚೇರ್ ಬೇಕೇ ಬೇಕು. ಅದರ ತೂಕ ಸುಮಾರು 17 ಕೆ.ಜಿ. ಹಳೇ ಕಾರಿನಲ್ಲಿ ಅದನ್ನು ಎತ್ತಿ ಮಲಗಿಸಿದರೆ ಆಯ್ತು, ಇನ್ನೂ ಜಾಗ ಉಳೀತಿತ್ತು.

ಹೊಸ ಗಾಡಿಯ ಮೂರನೇ ಸಾಲು ಮಡಚಿದೆವು. ಜಾಗ ಧಾರಾಳ. ವೀಲ್‌ಚೇರ್ ಕೂತಿತು. ಆದರೆ ಎತ್ತುವಾಗ ಗೊತ್ತಾಯ್ತು, ಡಿಕ್ಕಿಯ ಹೊಸಿಲು ನಮ್ಮ ಹಳೇ ಕಾರಿಗಿಂತ ಅರ್ಧ ಗೇಣು ಎತ್ತರ. ಅರ್ಧ ಗೇಣು ಅಂದ್ರೆ ಏನು ಮಹಾ ಅಂತೀರಾ? ನಾನು ಊರಲ್ಲಿಲ್ಲದ ದಿನ ಅದನ್ನು ಎತ್ತೋದು ನನ್ನ ಹೆಂಡತಿ. ಅವಳು ಎರಡು ಸಲ ಎತ್ತಿ ಇಳಿಸಿ ಸೊಂಟ ಹಿಡಿದುಕೊಂಡು ನನ್ನ ಮುಖ ನೋಡಿದಳು. ಯಾವ ಬ್ರೋಷರ್‌ನಲ್ಲಿ ಬರೆದಿರ್ತಾರೆ ಇದನ್ನು? ಡಿಕ್ಕಿ ಎಷ್ಟು ಲೀಟರ್ ಅಂತ ಬರೀತಾರೆ. ಎಷ್ಟು ಎತ್ತರಕ್ಕೆ ಎತ್ತಬೇಕು ಅಂತ ಬರೆಯಲ್ಲ.

ಅಮ್ಮ ಹತ್ತೋದು ಇನ್ನೊಂದು ಪರೀಕ್ಷೆ. ಸೀಟು ಎತ್ತರ ಇದ್ದರೆ ವಯಸ್ಸಾದವರಿಗೆ ಒಳ್ಳೇದು ಅಂತಾರೆ. ಸ್ವಲ್ಪ ಎತ್ತರ ಒಳ್ಳೇದೇ, ಕುಕ್ಕರಿಸಿ ಕೂರೋದು ತಪ್ಪುತ್ತೆ. ಅದು ಸೊಂಟದ ಮಟ್ಟ ದಾಟಿದರೆ ಹತ್ತೋದೇ ಕಷ್ಟ. ಅಮ್ಮ ಬಾಗಿಲ ಹಿಡಿ ಹಿಡಿದು, ಹುಡುಗನ ಕಡೆ ತಿರುಗಿ, "ಏನಪ್ಪಾ, ಇದಕ್ಕೆ ಏಣಿಯೂ ಕೊಡ್ತೀರಾ?" ಅಂದರು. ಅವನು ನಕ್ಕ. ನಾನು ನಗಲಿಲ್ಲ.

ಆಮೇಲೆ ಓಡಿಸಿದೆ. ಹತ್ತು ನಿಮಿಷ ಅಲ್ಲ, ಮುಕ್ಕಾಲು ಗಂಟೆ. ಪೀಣ್ಯದ ಟ್ರಾಫಿಕ್ಕು, ಫ್ಲೈಓವರು, ನೆಲಮಂಗಲದ ಕಡೆ ಹೈವೇ, ವಾಪಸ್ಸು. ಇಲ್ಲಿ ಸತ್ಯ ಹೇಳಬೇಕು. ಹೈವೇಯಲ್ಲಿ ಡೀಸೆಲ್ ಗಾಡಿ ಓಡಿಸೋ ಸುಖವೇ ಬೇರೆ. ನಾಲ್ಕು ಜನ, ಸಾಮಾನು, ಎಸಿ, ಆದರೂ ಏದುಸಿರಿಲ್ಲ. ಕಡಿಮೆ ಆರ್‌ಪಿಎಂನಲ್ಲೇ ಗಟ್ಟಿ ಎಳೆತ. ಭಾರ ಹೊರುವ ಗಾಡಿಗೆ ಡೀಸೆಲ್ ಒಪ್ಪೋದು ಅದಕ್ಕೇ. ಯೂರೋಪಿನಲ್ಲಿ ಒಂದು ಕಾಲದಲ್ಲಿ ಡೀಸೆಲ್ ಎಸ್ಟೇಟ್ ಅಂದ್ರೆ ಸಂಸಾರಸ್ಥರ ಕಾರು ಅನ್ನೋ ಹಾಗಿದ್ದದ್ದೂ ಅದಕ್ಕೇ. 2015ರಲ್ಲಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಸಾಫ್ಟ್‌ವೇರ್ ಇಟ್ಟು ಮೋಸ ಮಾಡಿದ್ದು ಅಮೆರಿಕದಲ್ಲಿ ಸಿಕ್ಕಿಬಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳು. ಅಲ್ಲಿಂದ ಡೀಸೆಲ್ ಮೇಲಿನ ನಂಬಿಕೆ ಕುಸಿಯಿತು.

ಅದೇ ಗಾಡಿ ಪೀಣ್ಯದ ಟ್ರಾಫಿಕ್‌ನಲ್ಲಿ? ಹಂಪ್ ದಾಟಿ ಸೆಕೆಂಡ್ ಗೇರ್‌ನಲ್ಲಿ ಕಾಲು ಕೊಟ್ಟರೆ ಒಂದು ಕ್ಷಣ ಏನೂ ಆಗಲ್ಲ. ಟರ್ಬೋ ಎಚ್ಚರವಾಗಬೇಕು. ಆಮೇಲೆ ಇದ್ದಕ್ಕಿದ್ದಂತೆ ನುಗ್ಗುತ್ತೆ. ಖಾಲಿ ರಸ್ತೆಯ ಹತ್ತು ನಿಮಿಷದಲ್ಲಿ ಇದು ಗೊತ್ತೇ ಆಗಲ್ಲ.

ವಾಪಸ್ ಬಂದು ಕೂತೆವು. ಹುಡುಗ ಫಾರಂ ತುಂಬುತ್ತಾ ಕೇಳಿದ, "ಸಾರ್, ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸ್ತೀರಾ?" ನಾನು ಯೋಚನೆ ಕೂಡ ಮಾಡದೆ, "ಒಂದೂವರೆ ಸಾವಿರ" ಅಂದೆ. "ಹಾಗಿದ್ರೆ ಡೀಸೆಲ್ಲೇ ಸಾರ್" ಅಂದ.

ರಾತ್ರಿ ಮನೆಯಲ್ಲಿ ಹಳೇ ಕಾರಿನ ಸರ್ವಿಸ್ ಬಿಲ್ಲುಗಳನ್ನು ತೆಗೆದು ನೋಡಿದೆ. ಪ್ರತಿ ಬಿಲ್ಲಿನ ಮೇಲೂ ಮೀಟರ್ ರೀಡಿಂಗ್ ಬರೆದಿರ್ತಾರಲ್ಲ? ಲೆಕ್ಕ ಹಾಕಿದೆ. ಮೊದಲ ಹತ್ತು ವರ್ಷ ನಾನು ಹೇಳಿದ್ದು ಸರಿ, ತಿಂಗಳಿಗೆ ಒಂದೂವರೆ ಸಾವಿರ. ಕಳೆದ ಎರಡು ವರ್ಷ? ತಿಂಗಳಿಗೆ 550.

ಯಾಕೆ ಅಂತ ಅರ್ಥವಾಗೋಕೆ ಒಂದು ನಿಮಿಷ ಬೇಕಾಯ್ತು. ಅಮ್ಮ ಈಗ ನಮ್ಮ ಜೊತೆ ಇದ್ದಾರೆ. ತೋಟದ ಮನೆಗೆ ಬೀಗ. ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾಟಿ ಹೋಗುವ ಕೆಲಸವೇ ಇಲ್ಲ. ನಾನು ಅವತ್ತು ಶೋರೂಂನಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ಅದು ಎರಡು ವರ್ಷದ ಹಿಂದಿನ ನನ್ನ ಬದುಕಿನ ಲೆಕ್ಕ.

ಈಗ ಹಣದ ಲೆಕ್ಕಕ್ಕೆ ಬನ್ನಿ. ನೀವೂ ಪೆನ್ನು ತಗೊಳ್ಳಿ. 2025ರ ಏಪ್ರಿಲ್ 1ರಿಂದ ನಮ್ಮ ರಾಜ್ಯ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಆಗ ಬೆಂಗಳೂರಿನಲ್ಲಿ ಡೀಸೆಲ್ ಸುಮಾರು 91 ರೂಪಾಯಿ, ಪೆಟ್ರೋಲ್ ಸುಮಾರು 103 ಇತ್ತು. ಅಂತರ 12 ರೂಪಾಯಿ. 2012ರ 30 ಎಲ್ಲಿ, 2025ರ 12 ಎಲ್ಲಿ? 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ಮೇಲಿನ ಹಿಡಿತವನ್ನೂ ಕೇಂದ್ರ ಬಿಟ್ಟುಕೊಟ್ಟ ಮೇಲೆ ಆ ದೊಡ್ಡ ಅಂತರದ ಕಾಲ ಮುಗೀತು.

ನಾನು ನೋಡಿದ ಗಾಡಿಯ ಪೆಟ್ರೋಲ್ ಮಾಡೆಲ್‌ಗೂ ಡೀಸೆಲ್ ಮಾಡೆಲ್‌ಗೂ ಆನ್ ರೋಡ್ ಒಂದೂವರೆ ಲಕ್ಷ ವ್ಯತ್ಯಾಸ. ಪೆಟ್ರೋಲ್ ಲೀಟರಿಗೆ 13 ಕಿಲೋಮೀಟರ್ ಕೊಡುತ್ತೆ ಅಂತ ಇಟ್ಟುಕೊಳ್ಳಿ. ಕಿಲೋಮೀಟರಿಗೆ 7 ರೂಪಾಯಿ 92 ಪೈಸೆ. ಡೀಸೆಲ್ 18 ಕೊಡುತ್ತೆ ಅಂದ್ರೆ 5 ರೂಪಾಯಿ 6 ಪೈಸೆ. ಒಂದು ಕಿಲೋಮೀಟರಿಗೆ ಉಳಿಯೋದು 2 ರೂಪಾಯಿ 86 ಪೈಸೆ. ಒಂದೂವರೆ ಲಕ್ಷ ವಾಪಸ್ ಬರಬೇಕಾದರೆ 52 ಸಾವಿರ ಕಿಲೋಮೀಟರ್ ಓಡಬೇಕು. ತಿಂಗಳಿಗೆ ಒಂದೂವರೆ ಸಾವಿರ ಓಡಿಸೋರಿಗೆ ಅದು ಮೂರು ವರ್ಷದೊಳಗಿನ ಮಾತು. 550 ಓಡಿಸೋ ನನಗೆ? ಹತ್ತಿರ ಹತ್ತಿರ ಎಂಟು ವರ್ಷ!

ಹಣಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಬಿಎಸ್ 6 ಬಂತು. ಡೀಸೆಲ್‌ನಲ್ಲಿದ್ದ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಹೊಗೆಯ ಮಸಿಗೆ ಕಡಿವಾಣ ಬಿತ್ತು. ಮಾರುತಿಯಂಥ ದೊಡ್ಡ ಕಂಪನಿ ಡೀಸೆಲ್ ಕಾರನ್ನೇ ಕೈಬಿಟ್ಟಿತು. ಈ ಮಸಿ ಹಿಡಿಯೋಕೆ ಹೊಸ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಒಂದು ಜಾಲರಿ ಇರುತ್ತೆ. ಡಿಪಿಎಫ್ ಅಂತಾರೆ. ಜೇನುಗೂಡಿನ ಥರ ಸಣ್ಣ ಸಣ್ಣ ತೂತುಗಳ ಡಬ್ಬ. ಮಸಿ ಅಲ್ಲಿ ಕೂರುತ್ತೆ. ಕೂತ ಮಸಿ ಎಲ್ಲಿ ಹೋಗಬೇಕು? ಅದನ್ನು ಅಲ್ಲೇ ಸುಡಬೇಕು. ಸುಡೋಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಹೈವೇಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿದರೆ ಆ ಕೆಲಸ ತಾನಾಗಿ ಆಗುತ್ತೆ. ನಿಮಗೆ ಗೊತ್ತೂ ಆಗಲ್ಲ.

ಮನೆಯಿಂದ ಆಫೀಸಿಗೆ ಒಂಬತ್ತು ಕಿಲೋಮೀಟರ್, ಅದೂ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳೋ ಕಾರಿಗೆ ಆ ಬಿಸಿ ಎಲ್ಲಿಂದ ಬರಬೇಕು? ಎಂಜಿನ್ ಹೆಚ್ಚು ಡೀಸೆಲ್ ಸುರಿದು ಬಿಸಿ ಮಾಡೋಕೆ ನೋಡುತ್ತೆ. ಅಷ್ಟರಲ್ಲಿ ನೀವು ಮನೆ ತಲುಪಿ ಕೀ ತಿರುಗಿಸಿ ಆಫ್ ಮಾಡ್ತೀರಿ. ಅರ್ಧ ಸುಟ್ಟದ್ದು ಅರ್ಧಕ್ಕೇ ನಿಂತಿತು. ಹೀಗೇ ಮತ್ತೆ ಮತ್ತೆ ಆದರೆ ಜಾಲರಿ ಕಟ್ಟಿಕೊಳ್ಳುತ್ತೆ, ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಯುತ್ತೆ, ಡ್ಯಾಷ್‌ಬೋರ್ಡ್‌ನಲ್ಲಿ ದೀಪ ಹತ್ತಿಕೊಳ್ಳುತ್ತೆ. ದೀಪ ಬಂದ ಮೇಲೂ ನಿರ್ಲಕ್ಷ್ಯ ಮಾಡಿದರೆ ವರ್ಕ್‌ಶಾಪ್. ಗಾಡಿಯ ದೋಷ ಅಲ್ಲ ಇದು. ದೂರ ಓಡೋಕೆ ಹುಟ್ಟಿದ ಗಾಡಿಯನ್ನು ಓಣಿಯಲ್ಲಿ ಕಟ್ಟಿಹಾಕಿದ್ದು ನಮ್ಮ ದೋಷ.

ಹಾಗಂತ ಡೀಸೆಲ್ ಸತ್ತುಹೋಯ್ತು ಅಂತ ನಾನು ಹೇಳ್ತಿಲ್ಲ. ವಾರಕ್ಕೊಮ್ಮೆ ಹಾಸನ, ಚಿತ್ರದುರ್ಗ, ಹುಬ್ಬಳ್ಳಿ ಅಂತ ಓಡಾಡೋರಿಗೆ ಅದು ಇವತ್ತಿಗೂ ಸರಿಯಾದ ಗಾಡಿ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆ ಸುದ್ದಿ ಕೇಳಿ ಇಲ್ಲಿ ಹೆದರಿ ಮಾರಿದವರಿದ್ದಾರೆ. ನಮ್ಮ ರಾಜ್ಯದಲ್ಲಿ ಆ ಹತ್ತು ವರ್ಷದ ನಿಯಮ ಇಲ್ಲ. ಹೆದರಿ ಮಾರಬೇಡಿ, ಆಸೆಬಿದ್ದು ಕೊಳ್ಳಲೂ ಬೇಡಿ. ಲೆಕ್ಕ ಹಾಕಿ.

ನಾನೇನು ಮಾಡಿದೆ ಅಂತೀರಾ? ಆ ಗಾಡಿ ಬೇಡ ಅಂದೆ. ಪೆಟ್ರೋಲ್‌ನಲ್ಲಿ, ಡಿಕ್ಕಿಯ ಹೊಸಿಲು ತಗ್ಗಿರುವ, ಅಮ್ಮ ಏಣಿ ಇಲ್ಲದೆ ಕೂರಬಹುದಾದ ಒಂದು ಕಾರು ನೋಡ್ತಿದ್ದೀನಿ. ಹುಡುಗನಿಗೆ ಫೋನ್ ಮಾಡಿ, "ತಪ್ಪು ಲೆಕ್ಕ ಕೊಟ್ಟಿದ್ದೆ ಕಣಪ್ಪಾ" ಅಂತ ಹೇಳಿದೆ. ಪಾಪ, ಅವನದೇನೂ ತಪ್ಪಿಲ್ಲ. ಅವನು ಕೇಳಿದ್ದು ಸರಿಯಾದ ಪ್ರಶ್ನೆಯೇ.

ನಾನು ಮೇಜಿನ ಮೇಲೆ ಬಿಲ್ಲು ಹರಡಿಕೊಂಡು ಕೂತಿದ್ದ ರಾತ್ರಿ ಅಮ್ಮ ಕೇಳಿದರು, "ಅದೇನೋ ಅಷ್ಟೊಂದು ಲೆಕ್ಕ?" ಹೇಳಿದೆ. ಎಲ್ಲಾ ಕೇಳಿಸಿಕೊಂಡು, "ಅಂದ್ರೆ ಹೊಸ ಕಾರು ತೋಟಕ್ಕೆ ಹೋಗಲ್ವೇನೋ?" ಅಂದರು. ನನ್ನ ಹತ್ತಿರ ಮಾತಿರಲಿಲ್ಲ. ಯಾವ ಕಾರಾದರೂ 140 ಕಿಲೋಮೀಟರ್ ಹೋಗುತ್ತೆ. ಎರಡು ವರ್ಷದಿಂದ ಅವರನ್ನು ಒಂದು ಸಲವೂ ಕರೆದುಕೊಂಡು ಹೋಗದೇ ಇದ್ದದ್ದು ನಾನು. ಹೊಸ ಕಾರು ಬರೋವರೆಗೂ ಕಾಯಲಿಲ್ಲ. ಮುಂದಿನ ಭಾನುವಾರವೇ ಹಳೇ ಕಾರಿನ ಡಿಕ್ಕಿಯಲ್ಲಿ ವೀಲ್‌ಚೇರ್ ಹಾಕಿಕೊಂಡು ಹೊರಟೆವು.

ಈಗ ನಿಮ್ಮ ಸರದಿ. ಕಾರು ಬದಲಾಯಿಸೋರು ನಾಲ್ಕು ಕೆಲಸ ಮಾಡಿ. ಶೋರೂಂಗೆ ಹೋಗೋ ಮೊದಲು ಹಳೇ ಸರ್ವಿಸ್ ಬಿಲ್ಲು ತೆಗೆದು ಕಳೆದ ಒಂದು ವರ್ಷ ನಿಜವಾಗಿ ಎಷ್ಟು ಓಡಿಸಿದ್ದೀರಿ ನೋಡಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಆ ಕಾರಿನಲ್ಲಿ ದಿನಾ ಕೂರುವವರನ್ನೂ, ದಿನಾ ಹೊರುವ ಸಾಮಾನನ್ನೂ ಜೊತೆಗೆ ಒಯ್ಯಿರಿ. ಅವರು ತೋರಿಸಿದ ರಸ್ತೆ ಬಿಟ್ಟು, ನೀವು ದಿನಾ ಓಡಾಡೋ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ. ಕೊಡಲ್ಲ ಅಂದ್ರೆ? ಇನ್ನೊಂದು ಶೋರೂಂ ಇದೆ. ದುಡ್ಡು ನಿಮ್ಮದು ಸ್ವಾಮಿ, ಸಂಕೋಚ ಯಾಕೆ?